ಹೊಸ ಪಿಳ್ಳೆಗಳು ಮತ್ತು ಕುಕ್ಕುವ ಹೇಟೆ

ಕೃಷಿಕ ಬಂಧುಗಳೇ, ನಮಸ್ಕಾರ.

"ತಂದಾಗ ಇಪ್ಪತ್ತು ಪಿಳ್ಳೆ ಇದ್ದವು, ಈಗ ಅರ್ಧವೂ ಇಲ್ಲ, ಎಲ್ಲಾ ಮುಂಗುಸಿ ಪಾಲು." ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆ ಹಿತ್ತಲಲ್ಲಿ ಕೋಳಿ ಸಾಕುವವರು ಹೀಗೆ ಹೇಳುವುದುಂಟು. ಮುಂಗುಸಿ ಹಿಡಿದದ್ದು ನಿಜವೇ ಇರಬಹುದು. ಆದರೆ ಅಂಗಳದಲ್ಲಿ ಕೆದಕಿಕೊಂಡು ಇರಬೇಕಾದ ಪಿಳ್ಳೆ ಕಬ್ಬಿನ ಗದ್ದೆಗೆ ಯಾಕೆ ನುಗ್ಗಿತು? ಯಾರೋ ಅಟ್ಟಿದ್ದಕ್ಕೆ. ಆ ಯಾರೋ ಎಷ್ಟೋ ಸಲ ನಮ್ಮ ಮನೆಯ ಹೇಟೆಯೇ ಆಗಿರುತ್ತೆ.

ಕೋಳಿ ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಒಂದು ಸರದಿ ಇದೆ. 1921ರಷ್ಟು ಹಿಂದೆಯೇ ನಾರ್ವೆಯ ಶೆಲ್ಡೆರುಪ್-ಎಬ್ಬೆ ಎಂಬುವರು ಇದನ್ನು ಕೂಲಂಕಷವಾಗಿ ಬರೆದಿಟ್ಟರು. ಮೇವಿನ ಹತ್ತಿರ ಮೊದಲು ಯಾರು, ರಾತ್ರಿ ಕೂರುವ ಅಡ್ಡಕೋಲುಗಳಲ್ಲಿ (ಗಳು) ಮೇಲಿನದು ಯಾರದು, ಎಲ್ಲವೂ ತೀರ್ಮಾನವಾಗಿರುತ್ತೆ. ಹೊಸಬರು ಬಂದರೆ ಈ ಲೆಕ್ಕ ಮತ್ತೆ ಮೊದಲಿನಿಂದ ಆಗಬೇಕು. ಹೆಚ್ಚು ಅಟ್ಟಾಡಿಸುವುದು ಹಿಂಡಿನ ಯಜಮಾನಿ ಹೇಟೆಯೇ ಅಂತ ತಿಳಿಯಬೇಡಿ. ಕೆಳಗಿನ ಸಾಲಿನ ಹೇಟೆಯೇ ಎಷ್ಟೋ ಸಲ ಜೋರು ಮಾಡುತ್ತೆ. ತನಗಿಂತ ಕೆಳಗೆ ಕೊನೆಗೂ ಯಾರೋ ಸಿಕ್ಕಿದರಲ್ಲ!

ಇನ್ನು ವಯಸ್ಸಿನ ವಿಚಾರ. ಪಿಳ್ಳೆಗೆ ಎಷ್ಟು ವಾರವಾಯಿತು ಎನ್ನುವುದಕ್ಕಿಂತ ಅದರ ಗಾತ್ರ ನೋಡಿ. ಹೇಟೆಯ ಮುಕ್ಕಾಲಲ್ಲದಿದ್ದರೂ ಮೂರರಲ್ಲಿ ಎರಡು ಪಾಲಾದರೂ ಬೆಳೆದಿರಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬಂದ ಗಿರಿರಾಜ ತಳಿ, ಚೆನ್ನಾಗಿ ಮೇಯಿಸಿದರೆ, 8 ವಾರಕ್ಕೆ ಒಂದು ಕಿಲೋ ದಾಟುತ್ತೆ. ನಾಟಿ ಹೇಟೆ ಅದರ ತಂಟೆಗೆ ಬರುವುದು ಕಡಿಮೆ. ನಾಟಿ ಪಿಳ್ಳೆ ಅದೇ ವಯಸ್ಸಿಗೆ ಅರ್ಧ ಕಿಲೋ ಆಸುಪಾಸು, ಅದನ್ನು 12 ವಾರದವರೆಗೆ ಕಾಯಿಸಿ. ಒಂದೇ ಒಂದು ಪಿಳ್ಳೆಯನ್ನು ಮಾತ್ರ ಎಂದೂ ಬಿಡಬೇಡಿ, ಎಲ್ಲರ ಕೊಕ್ಕೂ ಅದರ ಮೇಲೇ. ನಾಲ್ಕೈದನ್ನು ಜೊತೆಗೆ ಬಿಟ್ಟರೆ ಪೆಟ್ಟು ಹಂಚಿಹೋಗುತ್ತೆ.

ಸಂತೆಯಿಂದ ತಂದ ಮರಿಯಾದರೆ 2-3 ವಾರ ದೂರದಲ್ಲಿ, ಬೇರೆ ಪಾತ್ರೆ, ಬೇರೆ ನೀರು. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಆಗಿದೆಯೇ ಎಂದು ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಆಗಿರದಿದ್ದರೆ ಹಾಕಿಸಿ.

ಅದಾದ ಮೇಲೆ ಪರಿಚಯ. ಕೊಟ್ಟಿಗೆಯ ಒಂದು ಮೂಲೆಯನ್ನು ಅರ್ಧ ಇಂಚಿನ ಕಣ್ಣಿನ ಜಾಲರಿಯಿಂದ ಅಡ್ಡಗಟ್ಟಿ. ಬಿದಿರು ತಟ್ಟಿಯೂ ಆದೀತು, ಆದರೆ ಸಂದು ಅರ್ಧ ಇಂಚು ಮೀರಬಾರದು. ಮೀರಿದರೆ ಪಿಳ್ಳೆ ತಲೆ ತೂರಿಸುತ್ತೆ, ಆಚೆಯಿಂದ ಹೇಟೆ ನೆತ್ತಿಗೇ ಕುಕ್ಕುತ್ತೆ. ಮಂಕರಿ ಕವುಚಿ ಪಿಳ್ಳೆ ಮುಚ್ಚಿಡುವ ನಮ್ಮ ಹಳೇ ಪದ್ಧತಿ ಒಂದೆರಡು ಗಂಟೆಗೆ ಸರಿ, ವಾರಗಟ್ಟಲೆಗೆ ಆಗದು. ಒಳಗೆ ಸೆಕೆ, ಗಾಳಿಯಿಲ್ಲ. ಜಾಲರಿಯ ಎರಡೂ ಬದಿಗೆ, ಅಂಟಿದ ಹಾಗೇ, ಮೇವಿನ ತಟ್ಟೆ ಇಡಿ. ಎದುರುಬದುರು ನಿಂತು ತಿನ್ನಲಿ. ಮೊದಲ ಎರಡು ದಿನ ಹೇಟೆ ಕುತ್ತಿಗೆಯ ಪುಕ್ಕ ಕೆದರಿಕೊಂಡು ಜಾಲರಿಗೆ ಹಾಯುತ್ತೆ. ಬರಬರುತ್ತಾ ತಲೆ ಬಗ್ಗಿಸಿ ತನ್ನ ಪಾಡಿಗೆ ತಾನು ತಿನ್ನುತ್ತೆ. ಹೀಗೆ 10ರಿಂದ 14 ದಿನ ಕಳೆಯಲಿ.

ಜಾಲರಿ ತೆಗೆಯುವ ಮುನ್ನ ಅದರ ಬುಡದಲ್ಲಿ ಸುಮಾರು 4 ಇಂಚು ಅಗಲ, 5 ಇಂಚು ಎತ್ತರದ ಒಂದೆರಡು ಕಿಂಡಿ ಕೊರೆಯಿರಿ. ನಿಮ್ಮ ಹಿಂಡಿನ ಅತಿ ಸಣ್ಣ ಹೇಟೆಯೂ ಅದರಲ್ಲಿ ತೂರಬಾರದು, ಪಿಳ್ಳೆ ಸಲೀಸಾಗಿ ತೂರಬೇಕು. ಈ ಕಿಂಡಿ ಬೆಳವಣಿಗೆ ನಿಧಾನವಿರುವ ನಾಟಿ ಪಿಳ್ಳೆಗೆ. ಗಿರಿರಾಜಕ್ಕೆ ಇದು ಸಾಲದು, ಅದಕ್ಕೆ ಅವಿತುಕೊಳ್ಳಲು ಒರಗಿಸಿಟ್ಟ ಹಲಗೆ, ತೆಂಗಿನ ಗರಿಯ ಮರೆ ಮಾಡಿಕೊಡಿ. ಅವಿತುಕೊಳ್ಳುವ ಜಾಗಕ್ಕೆ ಎರಡು ಬಾಗಿಲಿರಲಿ. ಒಂದೇ ಬಾಗಿಲಿನ ಮೂಲೆಯಲ್ಲಿ ಸಿಕ್ಕಿಬಿದ್ದ ಪಿಳ್ಳೆಗೆ ನೆತ್ತಿ ಒಡೆಯುವವರೆಗೆ ಬಿಡುಗಡೆಯಿಲ್ಲ.

ಹಾಗೆಂದು ಎಲ್ಲ ಕುಕ್ಕೂ ಜಗಳವಲ್ಲ. ಹೇಟೆ ಒಂದು ಸಲ ಕುಕ್ಕಿತು, ಪಿಳ್ಳೆ ಕಿರುಚಿ ಪಕ್ಕಕ್ಕೆ ಸರಿಯಿತು, ಹೇಟೆ ತನ್ನ ಮೇವಿಗೆ ಮರಳಿತು, ಇದು ಪಾಠ. ನಡುವೆ ಹೋಗಬೇಡಿ. ಪಿಳ್ಳೆ ಸೋತು ಓಡುತ್ತಿದ್ದರೂ ಬೆನ್ನಟ್ಟಿ, ಪುಕ್ಕ ಕಚ್ಚಿ, ಮೇಲೆ ಹತ್ತಿ ಕುಕ್ಕಿದರೆ ಆಗ ಕೈ ಹಾಕಿ. ಹಾಕುವಾಗ ತೆಗೆಯಬೇಕಾದ್ದು ಪಿಳ್ಳೆಯನ್ನಲ್ಲ, ಹೇಟೆಯನ್ನು. ಪಿಳ್ಳೆಯನ್ನು ಎತ್ತಿಕೊಂಡು ಹೋದರೆ ಹೇಟೆ ಗೆದ್ದಿತು, ಮತ್ತೆ ತಂದು ಬಿಟ್ಟಾಗ ಕಥೆ ಮೊದಲಿನಿಂದ. ಹೇಟೆಯನ್ನು 3-4 ದಿನ, ಹಿಂಡು ಕಣ್ಣಿಗೆ ಕಾಣದ ಕಡೆ, ಎರಡಡಿ ಉದ್ದ ಎರಡಡಿ ಅಗಲದ ಪಂಜರದಲ್ಲಿ ಮೇವು-ನೀರು ಕೊಟ್ಟು ಇಡಿ. ಅದು ಇಲ್ಲದ ದಿನಗಳಲ್ಲಿ ಪಿಳ್ಳೆಗಳು ಮಿಕ್ಕವರ ಜೊತೆ ಹೊಂದಿಕೊಂಡಿರುತ್ತವೆ, ಹಿಂಡಿನಲ್ಲಿ ಜಾಗ ಬದಲಾಗಿರುತ್ತೆ. ಕತ್ತಲಾಗುವಾಗ ಅದನ್ನು ಮರಳಿ ಬಿಡಿ. ಎಷ್ಟೋ ಹೇಟೆಗಳು ಹೊಸದಾಗಿ ಬಂದವರ ಹಾಗೆ ತಗ್ಗಿ ನಡೆಯುತ್ತವೆ.

ಪಿಳ್ಳೆಗಳನ್ನು ರಾತ್ರಿ ಗಳುವಿನ ಮೇಲೆ ಕೂರಿಸಿಬಿಟ್ಟರೆ ಬೆಳಗ್ಗೆ ಎಲ್ಲವೂ ಒಂದೇ ಅಂದುಕೊಳ್ಳುತ್ತವೆ ಎಂಬ ನಂಬಿಕೆ ಇದೆ. ಜಾಲರಿಯ ಪರಿಚಯವಿಲ್ಲದೆ ಇದನ್ನು ಮಾಡಬೇಡಿ. ಕೋಳಿಗೆ ಮುಖದ ಗುರುತು ಚೆನ್ನಾಗಿದೆ. ಬೆಳಕು ಹರಿದ ಮೇಲೆ ನೀವು ಬಾಗಿಲು ತೆಗೆಯುವವರೆಗಿನ ಹೊತ್ತೇ ಅಪಾಯದ್ದು. ಓಡಲು ಜಾಗವಿಲ್ಲ, ಹೊಟ್ಟೆ ಹಸಿದಿದೆ. ಮೊದಲ ವಾರ ನಸುಕಿನಲ್ಲೇ ಎದ್ದು ಬಾಗಿಲು ತೆಗೆಯಿರಿ. ಗೂಡು ಇಕ್ಕಟ್ಟಿರಬಾರದು: ದೊಡ್ಡ ಕೋಳಿಯೊಂದಕ್ಕೆ ಕನಿಷ್ಠ 2 ಚದರಡಿ ನೆಲ, ಕೂರಲು ಗಳುವಿನ ಮೇಲೆ 8 ಇಂಚು ಜಾಗ.

ಗಾಯ ಕಣ್ಣಿಗೆ ಕಾಣುತ್ತೆ, ಹಸಿವು ಕಾಣುವುದಿಲ್ಲ. ಹೆದರಿದ ಪಿಳ್ಳೆ ದಿನವಿಡೀ ತಟ್ಟೆಯ ಹತ್ತಿರ ಸುಳಿಯದೆ ಸೊರಗುತ್ತೆ. ಸಂಜೆ ಕೂತ ಮೇಲೆ ಒಂದೊಂದನ್ನೂ ಎತ್ತಿ, ಎದೆಯ ಮುಂದೆ ಬಲಗಡೆಯ ಮೇವಿನ ಚೀಲ ಮುಟ್ಟಿ ನೋಡಿ. ತುಂಬಿದ್ದರೆ ನೆನೆಸಿದ ಹೆಸರುಕಾಳಿನ ಗಂಟಿನ ಹಾಗೆ ಸಿಗುತ್ತೆ. ಖಾಲಿ ಚೀಲ, ಚೂಪಾದ ಎದೆ ಮೂಳೆ ಸಿಕ್ಕಿದರೆ ಅದಕ್ಕೆ ಮೇವು ಸಿಗುತ್ತಿಲ್ಲ ಎಂದರ್ಥ. ಮೇವಿನ ತಟ್ಟೆ, ನೀರಿನ ಪಾತ್ರೆ ಎರಡನ್ನೂ ಮೂರು ಕಡೆ, ಒಂದರಿಂದ ಇನ್ನೊಂದು ಕಾಣದ ಹಾಗೆ ಇಡಿ. ಒಂದೇ ಹೇಟೆ ಮೂರನ್ನೂ ಕಾವಲು ಕಾಯಲಾರದು.

ಮೇವಿನಲ್ಲಿ ಇನ್ನೊಂದು ಎಡವಟ್ಟು ಆಗುತ್ತೆ. ಮೊಟ್ಟೆ ಕೋಳಿಯ ಮೇವಿನಲ್ಲಿ ಕ್ಯಾಲ್ಸಿಯಂ ಶೇ 3.5ಕ್ಕೂ ಹೆಚ್ಚಿರುತ್ತೆ, ಬೆಳೆಯುವ ಪಿಳ್ಳೆಗೆ ಬೇಕಾದ್ದು ಶೇ 1ರ ಆಸುಪಾಸು. ವಾರಗಟ್ಟಲೆ ಅದನ್ನೇ ತಿಂದರೆ ಪಿಳ್ಳೆಯ ಮೂತ್ರಪಿಂಡ ಕೆಡುತ್ತೆ. ಹಿಂಡು ಬೆರೆತಿರುವಷ್ಟು ದಿನ ಎಲ್ಲಕ್ಕೂ ಬೆಳೆಯುವ ಕೋಳಿಯ ಮೇವೇ ಹಾಕಿ, ಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ. ಮೊಟ್ಟೆ ಇಡುವ ಹೇಟೆ ತನಗೆ ಬೇಕಾದಷ್ಟು ಹೆಕ್ಕಿಕೊಳ್ಳುತ್ತೆ.

ರಕ್ತ ಬಂದರೆ ತಡಮಾಡಬೇಡಿ. ಕೆಂಪು ಕಂಡರೆ ಸುಮ್ಮನಿದ್ದ ಕೋಳಿಯೂ ಬಂದು ಕುಕ್ಕುತ್ತೆ. ಗಾಯ ತೊಳೆದು, ಬೇವಿನೆಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿ, ಒಣಗುವವರೆಗೆ ಆ ಪಿಳ್ಳೆ ಜೊತೆಗೆ ಒಂದು ಸಾಧು ಪಿಳ್ಳೆಯನ್ನೂ ಸೇರಿಸಿ ಜಾಲರಿಯೊಳಗಿಡಿ. ಹೇಟೆಯ ಕೊಕ್ಕು ಕತ್ತರಿಸಲು ಹೋಗಬೇಡಿ. ಕೆದಕಿ ತಿನ್ನುವ ಕೋಳಿಗೆ ಕೊಕ್ಕೇ ಕೈ.

ಕಾವು ಕೂತ ಹೇಟೆ, ಪಿಳ್ಳೆ ಕಟ್ಟಿಕೊಂಡ ಹೇಟೆ ಇವುಗಳ ಸಿಟ್ಟು ಬೇರೆ. ತನ್ನ ಪಿಳ್ಳೆಗಳನ್ನು ಬಿಟ್ಟು ಬೇರೆಯವರ ಪಿಳ್ಳೆ ಹತ್ತಿರ ಬಂದರೆ ಅದು ಬಿಡದು. ಅದರ ಪಿಳ್ಳೆಗಳು 6-8 ವಾರದವಾದಾಗ ತಾನೇ ಅವನ್ನೂ ಕುಕ್ಕಿ ದೂರ ಮಾಡುತ್ತೆ. ಅಲ್ಲಿಯವರೆಗೆ ಹೊಸ ಪಿಳ್ಳೆಗಳನ್ನು ಅದರ ಅಂಗಳಕ್ಕೆ ಬಿಡದಿರುವುದೇ ಸರಿ.

ಎರಡು ಸಲ ಬೇರೆ ಇಟ್ಟು ತಂದರೂ ಬುದ್ಧಿ ಬಾರದ ಹೇಟೆ ಸಾವಿರಕ್ಕೊಂದೇನಲ್ಲ, ಇರುತ್ತವೆ. ಕಾವು ಕೂರುವ ಗುಣವಿದ್ದರೆ ಬೇರೆ ಗೂಡಿನಲ್ಲಿ 10-12 ಮೊಟ್ಟೆ ಇಟ್ಟು ಕೂರಿಸಿ, 21 ದಿನ ಅದಕ್ಕೆ ಕೆಲಸ ಸಿಕ್ಕಿತು. ಆ ಗುಣವೂ ಇಲ್ಲದಿದ್ದರೆ ಮನೆಗೆ ನೆಂಟರು ಬರುವ ದಿನ ನೋಡಿಕೊಳ್ಳಿ. ನಮಸ್ಕಾರ.