ಪೈಜಾಮದಲ್ಲಿ ರಾಷ್ಟ್ರಾಧ್ಯಕ್ಷ

ಕೇಳುಗರಿಗೆ ನಮಸ್ಕಾರ.

1920ರ ಮೇ 23ರ ರಾತ್ರಿ. ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಪಾಲ್ ಡೆಶನೆಲ್ ರೈಲಿನಲ್ಲಿ ಹೊರಟಿದ್ದರು. ಬೋಗಿಯೊಳಗೆ ಒಂದೇ ಸಮನೆ ಸೆಕೆ. ಒಂಚೂರು ಗಾಳಿ ಬರಲಿ ಅಂತ ಕಿಟಕಿ ತೆಗೆದು ಹೊರಗೆ ಬಾಗಿದರು. ಬಾಗಿದವರು ಹಾಗೇ ಆಚೆ ಬಿದ್ದುಬಿಟ್ಟರು!

ಪುಣ್ಯಕ್ಕೆ ರೈಲು ನಿಧಾನಕ್ಕೆ ಹೋಗುತ್ತಿತ್ತು. ಅಲ್ಲಿ ಇಲ್ಲಿ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಆದರೆ ರೈಲು ಮಾತ್ರ ತನ್ನ ಪಾಡಿಗೆ ಹೊರಟೇ ಹೋಯಿತು. ಅಧ್ಯಕ್ಷರು ಒಳಗಿಲ್ಲ ಅನ್ನೋದು ಜೊತೆಯವರಿಗೆ ಗೊತ್ತಾಗಿದ್ದು ಬೆಳಗಾದ ಮೇಲೆ.

ಇತ್ತ ಡೆಶನೆಲ್ ಪೈಜಾಮದಲ್ಲೇ ಹಳಿ ಹಿಡಿದು ನಡೆದರು. ಒಬ್ಬ ರೈಲ್ವೆ ಕೆಲಸಗಾರ ಸಿಕ್ಕ. 'ನಾನು ಈ ದೇಶದ ಅಧ್ಯಕ್ಷ' ಅಂದರು. ನೀವೇ ಹೇಳಿ, ಸರಿರಾತ್ರಿಯಲ್ಲಿ ಪೈಜಾಮ ಹಾಕಿಕೊಂಡು, ಮುಖಕ್ಕೆ ಗಾಯ ಮಾಡಿಕೊಂಡು ಬಂದವನು ಹೀಗಂದರೆ ಯಾರು ನಂಬುತ್ತಾರೆ? ಆದರೂ ಆತ ಕೈಬಿಡಲಿಲ್ಲ. ಹತ್ತಿರದಲ್ಲೇ ರೈಲ್ವೆ ಗೇಟು ಕಾಯುವವನ ಮನೆಯಿತ್ತು, ಅಲ್ಲಿಗೆ ಕರೆದೊಯ್ದ. ಅಲ್ಲಿ ಗಾಯ ತೊಳೆದು, ಹಾಸಿಗೆಯಲ್ಲಿ ಮಲಗಿಸಿದರು. ಆಮೇಲೆ ಆ ಗೇಟಿನವನ ಹೆಂಡತಿ ಹೇಳಿದಳಂತೆ: 'ಇವರು ದೊಡ್ಡ ಮನುಷ್ಯರೇ ಅಂತ ನನಗೆ ಆಗಲೇ ಗೊತ್ತಾಯ್ತು. ಪಾದ ಅಷ್ಟು ಚೊಕ್ಕಟವಾಗಿತ್ತು.'

ಡೆಶನೆಲ್ ಸಾಮಾನ್ಯರಲ್ಲ. ಒಳ್ಳೆಯ ಮಾತುಗಾರ. ಅದೇ ವರ್ಷದ ಜನವರಿಯಲ್ಲಿ, ಮೊದಲ ಮಹಾಯುದ್ಧದ ಕಾಲದ ಪ್ರಧಾನಿ ಕ್ಲೆಮಾನ್ಸೊ ಅಂಥ ಘಟಾನುಘಟಿಯನ್ನು ಹಿಂದಿಕ್ಕಿ ಅಧ್ಯಕ್ಷರಾದವರು. ಆದರೆ ಈ ಘಟನೆ ಆದಮೇಲೆ ಹಾಡು ಕಟ್ಟುವವರಿಗೆ, ವ್ಯಂಗ್ಯಚಿತ್ರದವರಿಗೆ ಹಬ್ಬ. ಆರೋಗ್ಯವೂ ಕೈಕೊಟ್ಟಿತ್ತು. ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಪಾಪ, ಕಾಯಿಲೆಯ ಮನುಷ್ಯನನ್ನು ನೋಡಿ ಜನ ಅಷ್ಟು ನಗಬಾರದಿತ್ತು.

ಇಂಥ ಕಥೆಗಳಲ್ಲಿ ನಾನು ಗಮನಿಸುವುದು ಒಂದೇ. ಮೊದಲು ನಕ್ಕವರು ಯಾರು? ನಾಯಕರೇನಾ, ಊರಿನವರಾ? ಡೆಶನೆಲ್ ಅವರಿಗಂತೂ ಆ ಅವಕಾಶವೇ ಸಿಗಲಿಲ್ಲ.

ಹಾಗಂತ ತಾವೇ ನಕ್ಕು ಹೇಳಿಕೊಂಡವರೆಲ್ಲ ಪಾರಾಗುತ್ತಾರೆ ಅಂತಲೂ ಇಲ್ಲ. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರನ್ನೇ ನೋಡಿ. 1979ರ ಏಪ್ರಿಲ್. ಜಾರ್ಜಿಯಾದ ತಮ್ಮೂರು ಪ್ಲೇನ್ಸ್‌ನಲ್ಲಿ ಸಣ್ಣ ದೋಣಿಯಲ್ಲಿ ಕೂತು ಒಬ್ಬರೇ ಮೀನು ಹಿಡಿಯುತ್ತಿದ್ದರು. ಒಂದು ಮೊಲ ಈಜಿಕೊಂಡು ನೇರವಾಗಿ ದೋಣಿಯ ಕಡೆಗೇ ಬಂತು. ಇವರು ಹುಟ್ಟಿನಿಂದ ನೀರೆರಚಿ ಅದನ್ನು ಓಡಿಸಿದರು. ಆಫೀಸಿನಲ್ಲಿ ಹೇಳಿದರೆ, ಮೊಲ ಎಲ್ಲಾದರೂ ಈಜುತ್ತಾ ಅಂತ ಅವರ ಸಿಬ್ಬಂದಿಯೇ ನಂಬಲಿಲ್ಲ. ಅದೃಷ್ಟಕ್ಕೆ ಫೋಟೊ ಒಂದಿತ್ತು. ಅದನ್ನು ದೊಡ್ಡದು ಮಾಡಿಸಿ ತೋರಿಸಿದರು.

ಅಲ್ಲಿಗೇ ಮುಗಿಯಬೇಕಿತ್ತು. ಆಗಸ್ಟಿನಲ್ಲಿ ಅವರ ಪತ್ರಿಕಾ ಕಾರ್ಯದರ್ಶಿ ಮಾತಿನ ಮಧ್ಯೆ ಸುಮ್ನೆ ಒಬ್ಬ ವರದಿಗಾರನಿಗೆ ಇದನ್ನು ಹೇಳಿಬಿಟ್ಟ. ಮರುದಿನಗಳಲ್ಲಿ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಅಧ್ಯಕ್ಷರ ಮೇಲೆ ಮೊಲದ ದಾಳಿ! ಶ್ವೇತಭವನ ಫೋಟೊ ಕೊಡೋದಿಲ್ಲ ಅಂತ ಹಠ ಹಿಡಿಯಿತು. ಕೊಟ್ಟಿದ್ದರೆ ಒಂದು ವಾರದಲ್ಲಿ ತಣ್ಣಗಾಗುತ್ತಿತ್ತೋ ಏನೋ. ಕೊನೆಗೆ ಅದು ಹೊರಬಂದಿದ್ದು ಕಾರ್ಟರ್‌ರನ್ನು ಸೋಲಿಸಿ ಬಂದ ರೇಗನ್ ಅವರ ಕಾಲದಲ್ಲಿ. ರಾಜಕೀಯದಲ್ಲಿ ಮೊಲವೂ ಪಕ್ಷಾಂತರ ಮಾಡುತ್ತೆ, ಅಲ್ವಾ?

ನಮ್ಮ ನೆಹರೂ ಅವರದ್ದು ಇನ್ನೊಂದು ವರಸೆ. 1937ರಲ್ಲಿ ಅವರು ಕಾಂಗ್ರೆಸ್ ಅಧ್ಯಕ್ಷರು. ಆ ನವೆಂಬರಿನಲ್ಲಿ ಕಲ್ಕತ್ತೆಯ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ ಅವರನ್ನು ಟೀಕಿಸುವ ಲೇಖನ ಬಂತು. ಈ ಮನುಷ್ಯನಿಗೆ ಜಂಬ ಜಾಸ್ತಿ, ಸ್ವಲ್ಪ ತಿರುಗಿದರೆ ಸರ್ವಾಧಿಕಾರಿ ಆಗಿಬಿಡಬಹುದು, ಮತ್ತೆ ಅಧ್ಯಕ್ಷ ಮಾಡಬೇಡಿ ಅನ್ನುವ ಧಾಟಿ. ಬರೆದವರ ಹೆಸರು ಚಾಣಕ್ಯ. ಆ ಚಾಣಕ್ಯ ಬೇರೆ ಯಾರೂ ಅಲ್ಲ, ಸ್ವತಃ ನೆಹರೂ!

ಗಾಂಧೀಜಿಗೆ ಗುಪ್ತನಾಮವೂ ಬೇಕಿರಲಿಲ್ಲ. ಲಂಡನ್ನಿನಲ್ಲಿ ಓದುವಾಗ ಇಂಗ್ಲಿಷ್ ದೊರೆಯಾಗಲು ಹೊರಟ ಕಥೆಯನ್ನು ಆತ್ಮಕಥೆಯಲ್ಲಿ ತಾವೇ ಬಿಚ್ಚಿಟ್ಟಿದ್ದಾರೆ. 10 ಪೌಂಡಿನ ಸೂಟು. ದಿನಾ ಕನ್ನಡಿ ಮುಂದೆ ಹತ್ತು ನಿಮಿಷ ಟೈ ಕಟ್ಟೋದು, ಕ್ರಾಪು ತೀಡೋದು. ನೃತ್ಯದ ತರಗತಿಗೂ ಸೇರಿದರು. ಪಿಯಾನೊ ಒಂದು ಕಡೆ, ಇವರ ಕಾಲು ಇನ್ನೊಂದು ಕಡೆ. ಹಾಗಾದರೆ ಪಾಶ್ಚಾತ್ಯ ಸಂಗೀತಕ್ಕೆ ಕಿವಿ ಹದವಾಗಲಿ ಅಂತ 3 ಪೌಂಡ್ ಕೊಟ್ಟು ಪಿಟೀಲು ಕೊಂಡರು! ಹುಚ್ಚು ಇಳಿದಾಗ ಪಿಟೀಲಿನ ಮೇಡಂ ಹತ್ತಿರ ಹೋಗಿ, ಬಂದಷ್ಟಕ್ಕೆ ಇದನ್ನು ಮಾರಿಬಿಡಿ ಅಂದರು.

ಈ ತುಂಟತನ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1947ರ ಜೂನ್ 2. ದೇಶ ವಿಭಜನೆಯ ಯೋಜನೆಯನ್ನು ನಾಯಕರ ಮುಂದಿಟ್ಟ ದಿನ. ಗಾಂಧೀಜಿ ಬಂದು ಏನು ಸಿಡಿಯುತ್ತಾರೋ ಅಂತ ವೈಸ್‌ರಾಯ್ ಮೌಂಟ್‌ಬ್ಯಾಟನ್‌ಗೆ ಒಳಗೊಳಗೇ ಅಳುಕು. ಗಾಂಧೀಜಿ ಬಂದರು, ತುಟಿಯ ಮೇಲೆ ಬೆರಳಿಟ್ಟರು. ಅವತ್ತು ಸೋಮವಾರ, ಅವರ ಮೌನವ್ರತದ ದಿನ! ವೈಸ್‌ರಾಯ್‌ಗೆ ಹೋದ ಜೀವ ಬಂದಂತಾಯಿತು.

ಗಾಂಧೀಜಿ ಹಳೆಯ ಲಕೋಟೆಗಳ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಉತ್ತರ ಬರೆದರು. ನನ್ನ ಮೌನಕ್ಕೆ ಎರಡು ವಿನಾಯಿತಿ ಇಟ್ಟುಕೊಂಡಿದ್ದೇನೆ, ಉನ್ನತ ಅಧಿಕಾರಿಗಳ ಜೊತೆ ತುರ್ತು ಮಾತಿದ್ದರೆ, ಇಲ್ಲವೇ ಕಾಯಿಲೆಯವರನ್ನು ನೋಡಿಕೊಳ್ಳುವಾಗ ಮಾತಾಡಬಹುದು ಅಂತ ತಿಳಿಸಿದರು. ಅದರ ಕೆಳಗೆ ಇನ್ನೊಂದು ಮಾತು ಸೇರಿಸಿದರು. ಆದರೆ ನಾನು ಇವತ್ತು ಬಾಯಿ ಬಿಡೋದು ನಿಮಗೂ ಬೇಕಿಲ್ಲ, ಅದು ನನಗೆ ಗೊತ್ತು ಅಂತ.

ನಮಸ್ಕಾರ.