ಬರೀ ಆಮ್ಲಜನಕ ಸಾಲದು

ಕೇಳುಗರಿಗೆ ನಮಸ್ಕಾರ.

ಮಂಗಳ ಗ್ರಹದಲ್ಲಿ ಮನೆ ಕಟ್ಟುವ ಮಾತು ಬಂದಾಗಲೆಲ್ಲ ನಾವು ಮೊದಲು ಕೇಳುವುದು, ಅಲ್ಲಿ ಆಮ್ಲಜನಕ ಇದೆಯಾ ಅಂತ. ಇಲ್ಲದಿದ್ದರೆ ಇಲ್ಲಿಂದ ಒಯ್ದು ಮನೆ ತುಂಬಾ ತುಂಬಿಸಿದರೆ ಆಯ್ತು, ಅಲ್ವಾ? ಅಷ್ಟು ಸುಲಭ ಅಲ್ಲ.

ಈಗ ಒಮ್ಮೆ ಉಸಿರು ಎಳೆದುಕೊಳ್ಳಿ. ಒಳಗೆ ಹೋದ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21 ಮಾತ್ರ. 78ರಷ್ಟು ಸಾರಜನಕ. ಅದು ಸುಮ್ನೆ ಒಳಗೆ ಹೋಗಿ, ಬಂದ ದಾರಿಯಲ್ಲೇ ಹೊರಗೆ ಬರುತ್ತದೆ. ದಂಡಪಿಂಡ ಅನ್ನಿಸುತ್ತದೆ. ಅದನ್ನು ಕೈಬಿಟ್ಟರೆ ಏನಾಗಬಹುದು ಎಂದು ಅಮೆರಿಕದವರಿಗೆ ಗೊತ್ತಾಗಿದ್ದು 1967ರ ಜನವರಿ 27ರ ಸಂಜೆ.

ಫ್ಲೋರಿಡಾದಲ್ಲಿ ಅಪೋಲೊ 1 ಎಂಬ ಗಗನನೌಕೆಯ ತಾಲೀಮು ನಡೆದಿತ್ತು. ರಾಕೆಟ್‌ಗೆ ಇಂಧನ ತುಂಬಿರಲಿಲ್ಲ. ಹಾಗಾಗಿ ಅಪಾಯದ ಪರೀಕ್ಷೆ ಎಂದು ಯಾರೂ ಎಣಿಸಿರಲಿಲ್ಲ. ಒಳಗೆ ಮೂವರು ಗಗನಯಾತ್ರಿಗಳು: ಗಸ್ ಗ್ರಿಸಮ್, ಎಡ್ ವೈಟ್, ರೋಜರ್ ಚಾಫಿ. ಕ್ಯಾಬಿನ್ ತುಂಬಾ ಬರೀ ಆಮ್ಲಜನಕ, ಅದೂ ಹೊರಗಿನ ಗಾಳಿಗಿಂತ ಜಾಸ್ತಿ ಒತ್ತಡದಲ್ಲಿ. ಬೆಂಕಿ ಹೊತ್ತಿದ್ದೇ ತಡ, ನೈಲಾನ್ ಬಲೆ, ವೆಲ್ಕ್ರೋ ಪಟ್ಟಿ ಎಲ್ಲ ಕರ್ಪೂರದ ಹಾಗೆ ಉರಿದವು. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಒಳಗಿನ ಒತ್ತಡ ಏರಿ ಅದನ್ನು ಎಳೆಯಲಾಗಲಿಲ್ಲ. ಮೂವರೂ ತೀರಿಕೊಂಡರು.

ಆಮೇಲೆ ನೆಲದ ಮೇಲಿರುವಾಗ ಕ್ಯಾಬಿನ್‌ಗೆ ಶೇಕಡಾ 40 ಸಾರಜನಕ ಬೆರೆಸಿದರು. ಮೇಲೆ ಹೋದ ಮೇಲೆ ಮತ್ತೆ ಆಮ್ಲಜನಕವೇ, ಆದರೆ ಒತ್ತಡ ನಮ್ಮ ಗಾಳಿಯ ಮೂರನೇ ಒಂದು ಪಾಲು. ನಮ್ಮ ಶ್ವಾಸಕೋಶ ಶೇಕಡಾವಾರು ಕೇಳುವುದಿಲ್ಲ ನೋಡಿ. ಆಮ್ಲಜನಕದ ಒತ್ತಡ ಎಷ್ಟಿದೆ, ಅದಷ್ಟೇ ಅದಕ್ಕೆ ಲೆಕ್ಕ.

ಹಾಗಾದರೆ ಮಂಗಳದ ಮನೆಯಲ್ಲೂ ಭೂಮಿಯ ಗಾಳಿಯನ್ನೇ ತುಂಬಿದರೆ? ಇನ್ನೊಂದು ಪೇಚಾಟ. ಹೊರಗೆ ಓಡಾಡುವ ಸೂಟ್‌ನಲ್ಲಿ ಒತ್ತಡ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಜಾಸ್ತಿ ಇದ್ದರೆ ಸೂಟ್ ಬಲೂನಿನಂತೆ ಬಿಗಿದು ಬೆರಳು ಮಡಚಲೂ ಆಗದು. ಮನೆಯಿಂದ ಸೂಟ್‌ಗೆ ಹೊಕ್ಕಾಗ ಒಮ್ಮೆಲೇ ಒತ್ತಡ ಇಳಿದರೆ ರಕ್ತದಲ್ಲಿ ಕರಗಿದ ಸಾರಜನಕ ಗೋಲಿಸೋಡ ಒಡೆದಂತೆ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಅದಕ್ಕೇ ಬಾಹ್ಯಾಕಾಶ ನಿಲ್ದಾಣದವರು ಹೊರಗೆ ಹೋಗುವ ಮುಂಚೆ ಬರೀ ಆಮ್ಲಜನಕ ಉಸಿರಾಡಿ ಸಾರಜನಕವನ್ನು ಮೈಯಿಂದ ಕಳಿಸುತ್ತಾರೆ. ಇಂಥ ಮನೆಗಳಿಗೆ ನಾಸಾ ಈಗ ನಡುವಿನ ದಾರಿ ಹಿಡಿದಿದೆ: ಒತ್ತಡ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಆಮ್ಲಜನಕ ಶೇಕಡಾ 34. ನನಗಂತೂ ಇದು ಸಾರಿಗೆ ಉಪ್ಪು ಹದ ಮಾಡಿದ ಹಾಗೆ ಕಾಣುತ್ತದೆ.

ಆಮ್ಲಜನಕವನ್ನು ಮಂಗಳದಲ್ಲೇ ತಯಾರಿಸಬಹುದು. ಮಂಗಳದ ಮೇಲೆ ಓಡಾಡುವ ನಾಸಾದ ಪರ್ಸಿವರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಎಂಬ ಪೆಟ್ಟಿಗೆ ಅಲ್ಲಿನ ಇಂಗಾಲದ ಡೈಆಕ್ಸೈಡ್ ಒಡೆದು 2021ರಿಂದ 2023ರ ತನಕ ಒಟ್ಟು 122 ಗ್ರಾಂ ಆಮ್ಲಜನಕ ತೆಗೆಯಿತು. ಒಬ್ಬರಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕು. ಅಂದರೆ ಎರಡು ವರ್ಷದ ದುಡಿಮೆ ಮೂರೂವರೆ ಗಂಟೆಯ ಉಸಿರಿಗೆ ಸಮ. ನಗಬೇಡಿ, ಅದು ಮಾದರಿ ಪೆಟ್ಟಿಗೆ. ಓಡಿದ್ದೂ ಹದಿನಾರು ಸಲ ಅಷ್ಟೇ.

ಇನ್ನು ಆ ದಂಡಪಿಂಡ? ಬಾಗಿಲು ತೆರೆದಾಗಲೆಲ್ಲ ಮನೆಯ ಗಾಳಿ ಒಂದಿಷ್ಟು ಸೋರುತ್ತದೆ. ತುಂಬಿಸಲು ಭೂಮಿಯಿಂದ ತರಿಸೋಣ ಎಂದರೆ ಆರೇಳು ತಿಂಗಳ ದಾರಿ. ಅದೃಷ್ಟಕ್ಕೆ ಮಂಗಳದ ತೆಳು ಗಾಳಿಯಲ್ಲಿ ಸಾರಜನಕ ಶೇಕಡಾ ಮೂರರ ಹತ್ತಿರ ಇದೆ, ಅದರ ಹಾಗೇ ಸುಮ್ನಿರುವ ಆರ್ಗಾನ್ ಅನಿಲ ಶೇಕಡಾ ಎರಡು. ಅವೆರಡನ್ನೂ ಸೋಸಿ, ಒತ್ತಿ, ಒಳಗೆ ತುಂಬಿಕೊಳ್ಳಬಹುದು.

ನಮಸ್ಕಾರ.