ದುಃಖಕ್ಕೂ ಒಂದು ಲಂಗ: ಕಿಹ್ನು ದ್ವೀಪದ ಮ್ಯೂಸಿಯಂ

ಈ ಲಂಗ ನೋಡಿ. ಉಣ್ಣೆಯದು, ಮನೆಯ ಮಗ್ಗದಲ್ಲೇ ನೇಯ್ದದ್ದು. ಮೇಲಿಂದ ಕೆಳಗಿನವರೆಗೂ ಸಣ್ಣ ಸಣ್ಣ ಉದ್ದ ಪಟ್ಟೆ. ಕೆಂಪೇ ಜಾಸ್ತಿ, ನಡುನಡುವೆ ಬೇರೆ ಬಣ್ಣದ ಎಳೆಗಳು. ಇಲ್ಲಿನವರು ಇದನ್ನು ‘ಕೊರ್ಟ್’ ಅನ್ನುತ್ತಾರೆ.

ನಾವೀಗ ಎಸ್ಟೋನಿಯಾದ ಕಿಹ್ನು ದ್ವೀಪದಲ್ಲಿದ್ದೇವೆ. ರೀಗಾ ಕೊಲ್ಲಿಯಲ್ಲಿರುವ ಪುಟ್ಟ ಜಾಗ. ಉದ್ದ 7 ಕಿಲೋಮೀಟರ್, ಅಗಲ ಅದರ ಅರ್ಧವೂ ಇಲ್ಲ. ಮುನಾಲಾಯ್ಡ್ ಬಂದರಿನಿಂದ ಫೆರ್ರಿ ಸಿಗುತ್ತದೆ. ಚರ್ಚಿನ ಎದುರಿಗಿರುವ ಹಳೇ ಶಾಲೆಯ ಕಟ್ಟಡವೇ ಮ್ಯೂಸಿಯಂ.

ಮತ್ತೆ ಲಂಗಕ್ಕೆ ಬರೋಣ. ಹರೆಯದ ಹುಡುಗಿಯರದು ಕಣ್ಣಿಗೆ ಹೊಡೆಯುವಂಥ ಕೆಂಪು. ಮನೆಯಲ್ಲಿ ಸಾವಾದರೆ ಕೆಂಪು ಹೋಗಿ ಕಪ್ಪು, ಕಡುನೀಲಿ ಬರುತ್ತವೆ. ಆಮೇಲೆ ದಿನ ಕಳೆದಂತೆ ಕೆಂಪು ಸ್ವಲ್ಪ ಸ್ವಲ್ಪವೇ ವಾಪಸ್ ಬರುತ್ತದೆ. ಇವತ್ತು ಸೂತಕ, ನಾಳೆ ಮುಗೀತು ಅನ್ನುವ ಲೆಕ್ಕ ಇಲ್ಲ. ದಾರಿಯಲ್ಲಿ ಸಿಕ್ಕವರಿಗೆ ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ, ಲಂಗ ನೋಡಿದರೆ ಅವರಿಗೇ ಗೊತ್ತಾಗುತ್ತದೆ. ದುಃಖದಲ್ಲಿರುವವರಿಗೆ ಇಷ್ಟು ನಿಧಾನವಾಗಿ ಚೇತರಿಸಿಕೊಳ್ಳಲು ಬಿಡುವ ಊರು! ನನಗಂತೂ ಇದು ತುಂಬಾ ಹಿಡಿಸಿತು. ಅಂದಹಾಗೆ, ಲಂಗದ ಮೇಲೆ ಏಪ್ರನ್ ಕಟ್ಟಿದ್ದರೆ ಮದುವೆಯಾಗಿದೆ ಅಂತ ಅರ್ಥ.

ಗಂಡಸರದು ‘ತ್ರೋಯ್’. ಕಡುನೀಲಿ, ಬಿಳಿ ಉಣ್ಣೆಯಲ್ಲಿ ಹೆಣೆದ ಸ್ವೆಟರ್. ಕೈಗೆ ದಪ್ಪ ಅನ್ನಿಸುತ್ತದೆ, ಸಮುದ್ರದ ಚಳಿಗೆ ಅದು ಬೇಕೇ ಬೇಕು.

ಮ್ಯೂಸಿಯಂನಲ್ಲಿ ಇಲ್ಲಿನ ಹೆಸರಾಂತ ನಾವಿಕ ‘ಕಿಹ್ನು ಯೊನ್’ ಅವರೂ ಸಿಗುತ್ತಾರೆ. 1848ರಲ್ಲಿ ಹುಟ್ಟಿದವರು. 1913ರಲ್ಲಿ ಡೆನ್ಮಾರ್ಕ್ ಹತ್ತಿರ ಹಡಗು ಮುಳುಗಿ ತೀರಿಕೊಂಡರು. ಅವರ ಕಥೆ ರೋಚಕ, ನಿಜ. ಆದರೆ ಗಂಡಸರು ಮೀನಿಗೆ, ಸೀಲ್ ಬೇಟೆಗೆ ಅಂತ ತಿಂಗಳುಗಟ್ಟಲೆ ಸಮುದ್ರದಲ್ಲಿದ್ದಾಗ ಹೊಲ, ದನ, ಮಕ್ಕಳು ಎಲ್ಲವನ್ನೂ ನೋಡಿಕೊಂಡವರು ಹೆಂಗಸರು. ಹಾಡು, ನೇಯ್ಗೆ, ಮದುವೆಯ ಶಾಸ್ತ್ರ ಉಳಿದದ್ದೂ ಅವರಿಂದಲೇ. ಹಾಗಾಗಿ ನೀವು ಬಂದರೆ ಈ ಬಟ್ಟೆಗಳ ಮುಂದೆ ಜಾಸ್ತಿ ಹೊತ್ತು ನಿಲ್ಲಿ.

ಕಿಹ್ನುವಿನ ಸಂಸ್ಕೃತಿಯನ್ನು ಯುನೆಸ್ಕೋ 2003ರಲ್ಲೇ ಗುರುತಿಸಿತು, 2008ರಲ್ಲಿ ತನ್ನ ಪಟ್ಟಿಗೂ ಸೇರಿಸಿತು. ಆದರೆ ಪಟ್ಟಿಯಲ್ಲಿದೆ ಅಂತ ಯಾರೂ ಲಂಗ ಉಡುವುದಿಲ್ಲ ಅಲ್ವಾ? ಇಲ್ಲಿ ಇದು ಇನ್ನೂ ದಿನದ ಉಡುಪು. ಅದರಲ್ಲೂ ವಯಸ್ಸಾದ ಹೆಂಗಸರು ಇದನ್ನೇ ಉಟ್ಟು ತೋಟದ ಕೆಲಸ ಮಾಡುತ್ತಾರೆ, ಸೈಡ್‌ಕಾರ್ ಇರುವ ಹಳೇ ಬೈಕನ್ನೂ ಓಡಿಸುತ್ತಾರೆ.

ಸರಿ, ಈಗ ಸೈಕಲ್ ಹತ್ತಿ ದಕ್ಷಿಣದ ತುದಿಗೆ ಹೊರಟೆವು. ಅಲ್ಲಿ 1864ರ ಲೈಟ್‌ಹೌಸ್ ಇದೆ.